ಅಳತೆಗೆ ಮುಂಚಿನ ಮಾತು

ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ನನ್ನ ಒಂಟೆಮರಿಗೆ,

ನಿನ್ನ ಅತ್ತೆ ಬದುಕಿದ್ದಾಳೆ, ನಿಮ್ಮಪ್ಪ ಬದುಕಿದ್ದಾನೆ, ನಿಮ್ಮಮ್ಮ ನಮ್ಮಿಬ್ಬರನ್ನೂ ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಮೊದಲು ಇಷ್ಟು ಓದಿಕೊಂಡು ಉಸಿರು ಬಿಡು, ಆಮೇಲೆ ನನ್ನನ್ನು ಬೈದುಕೋ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಒಂದು ತಿಂಗಳು ತಳ್ಳಿದ್ದು ನನ್ನದೇ ತಪ್ಪು. ಹಗಲೆಲ್ಲ ಎಕೋ ಕೋಣೆಯಲ್ಲಿ ಯಂತ್ರ ಹಿಡಿದು ಊರಿನವರ ಹೃದಯ ನೋಡಿ, ಸಂಜೆ ಅದೇ ಆಸ್ಪತ್ರೆಯ ಮೂರನೇ ಮಹಡಿಗೆ ಹತ್ತಿ ಅಣ್ಣನ ಮುಖ ನೋಡಿ ಮನೆಗೆ ಬಂದರೆ ಪೆನ್ನು ಹಿಡಿಯಲು ಕೈಯಲ್ಲಿ ತ್ರಾಣ ಇರುತ್ತಿರಲಿಲ್ಲ. ಫೋನಿನಲ್ಲಿ "ಚೆನ್ನಾಗಿದ್ದಾನೆ" ಎನ್ನುವುದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ನಮ್ಮ ಮನೆ ನಿನಗೆ ಗೊತ್ತಲ್ಲ, ಒಬ್ಬರು ಕೆಮ್ಮಿದರೆ ಇಬ್ಬರು ನೀರು ತರುತ್ತಾರೆ. ನಿನ್ನ ಹಡಗಿನ ಫೋನೋ, ಮೂರು ಮಾತಿಗೊಮ್ಮೆ ಸಾಯುತ್ತದೆ. ಕಾಗದವೇ ಮೇಲು. ಕಂಪನಿಯ ಕಚೇರಿಗೆ ಕಳಿಸಿದರೆ ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಕೊಡುತ್ತಾರಂತೆ.

"ಅತ್ತೆ, ನನಗೆ ಇಂಜಿನ್ ಕೋಣೆಯ ಭಾಷೆಯಲ್ಲಿ ಹೇಳು" ಎಂದು ಕೇಳಿದ್ದೆ. ಹೇಳುತ್ತೇನೆ. ಹೃದಯದಿಂದ ಮೇಲಕ್ಕೆ ಹೊರಡುವ ದೊಡ್ಡ ರಕ್ತನಾಳವಿದೆ. ಅದರ ಬುಡ ನಿಮ್ಮಪ್ಪನಲ್ಲಿ ಉಬ್ಬಿ ಉಬ್ಬಿ ಐವತ್ತಾರು ಮಿಲಿಮೀಟರ್ ಆಗಿತ್ತು. ಒಡೆದರೆ ಮುಗಿಯಿತು. ನಿಮ್ಮಜ್ಜಿ ನಲವತ್ಮೂರನೇ ವಯಸ್ಸಿನಲ್ಲಿ ಬಟ್ಟೆ ಒಗೆಯುತ್ತಾ ಎದೆ ಹಿಡಿದುಕೊಂಡು ಹೋದದ್ದು ಇದೇ ಒಡೆದು ಇರಬೇಕು ಎಂದು ಡಾಕ್ಟರು ಈಗ ಹೇಳುತ್ತಿದ್ದಾರೆ. ನಮ್ಮ ಮನೆತನದ ಆಸ್ತಿ ಇಷ್ಟೇ ನೋಡು: ಉದ್ದ ಕೈಕಾಲು, ಉದ್ದ ಬೆರಳು, ಈ ಬುಡ. ಗಿಡ್ಡಿಯಾದ ನನಗೆ ಪಾಲು ಬರಲಿಲ್ಲ.

ಆ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು ಅಲ್ಲಿ ಬಟ್ಟೆಯ ಕೊಳವೆ ಹೊಲಿದಿದ್ದಾರೆ. ಆಪರೇಷನ್ನಿಗೆ ಮುಂಚೆ ಇದನ್ನು ಹೇಳುವಾಗ, ಬಟ್ಟೆ ಎಂದ ಕೂಡಲೇ ಮಂಕಾಗಿ ಮಲಗಿದ್ದ ನಿಮ್ಮಪ್ಪ ಎದ್ದು ಕೂತ. ಸರ್ಜನ್ ಹತ್ತಿರ ಏನು ಕೇಳಿದ ಗೊತ್ತಾ? "ಡಾಕ್ಟ್ರೇ, ನೆನೆದ್ರೆ ಕುಗ್ಗಲ್ಲ ತಾನೇ?" ಆ ಮನುಷ್ಯ ನಗುವ ಪೈಕಿ ಅಲ್ಲ. ಆದರೂ ತುಟಿಯಂಚಿನಲ್ಲಿ ನಕ್ಕು ಒಂದು ಮಾದರಿ ತುಂಡು ತರಿಸಿ ಕೈಗಿಟ್ಟರು. ನಿಮ್ಮಪ್ಪ ಅದನ್ನು ಬೆಳಕಿಗೆ ಹಿಡಿದು, ನೇಯ್ಗೆ ನೋಡಿ, ಉಗುರಿನಿಂದ ಕೆರೆದು, "ಒಳ್ಳೇ ಮಾಲು" ಎಂದು ಒಪ್ಪಿಗೆ ಕೊಟ್ಟ. ಮೂವತ್ತೈದು ವರ್ಷ ಬೇರೆಯವರಿಗೆ ಹೊಲಿದ ದರ್ಜಿ, ತನಗೆ ಹೊಲಿಯುವವರ ಬಟ್ಟೆ ನೋಡದೆ ಬಿಡುತ್ತಾನೆಯೇ.

ಎರಡನೆಯ ವಿಷಯವೂ ಇದೆ. ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು ರೆಕ್ಕೆಯ ಒಂದು ಕವಾಟವಿದೆ, ಮೈಟ್ರಲ್ ಎನ್ನುತ್ತೇವೆ. ನಿನ್ನ ಪೈಪುಗಳಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಇರುತ್ತದಲ್ಲ, ಅದೇ ಕೆಲಸ. ನಿಮ್ಮಪ್ಪನ ಮೈಟ್ರಲ್ ಪೂರ್ತಿ ಮುಚ್ಚದೆ, ಹೃದಯ ಒತ್ತಿದಾಗಲೆಲ್ಲ ಒಂದಿಷ್ಟು ರಕ್ತ ಹಿಂದಕ್ಕೆ ಸೋರುತ್ತಿತ್ತು. ಬುಡವನ್ನು ಸರಿಮಾಡಿದರೆ ಹೃದಯದ ಹೊರೆ ಇಳಿದು ಈ ಸೋರಿಕೆಯೂ ಎಷ್ಟೋ ಜನರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಹಾಗಾಗಿ ಸೋರಿಕೆ ಅಲ್ಪವಾಗಿದ್ದರೆ ನಮ್ಮ ಸರ್ಜನ್ ಅದನ್ನು ಮುಟ್ಟುವುದಿಲ್ಲ. ಮಧ್ಯಮಕ್ಕೆ ಏರಿದ್ದರೆ ಎದೆ ತೆರೆದಾಗಲೇ ಅದನ್ನೂ ರಿಪೇರಿ ಮಾಡಿಬಿಡುತ್ತಾರೆ. ಆಪರೇಷನ್ ಮೇಜಿನ ಮೇಲೂ ಒಮ್ಮೆ ನೋಡುತ್ತಾರೆ, ಆದರೆ ಅರಿವಳಿಕೆಯಲ್ಲಿ ಬಿಪಿ ಇಳಿದಿರುವುದರಿಂದ ಸೋರಿಕೆ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಅವರು ನಂಬುವುದು ಎಚ್ಚರದಲ್ಲಿ ಮಾಡಿದ ಎಕೋ ವರದಿಯನ್ನು. ನಿಮ್ಮಪ್ಪನ ವರದಿಯಲ್ಲಿ ಅಲ್ಪ ಎಂದಿತ್ತು. ಮುಟ್ಟಲಿಲ್ಲ.

ಡಿಸೆಂಬರಿನಲ್ಲಿ ಆ ಎಕೋ ಮಾಡಿದವಳು ನಾನೇ. ಸ್ವಂತದವರ ಎದೆಯ ಮೇಲೆ ನಾವು ಕೈ ಇಡುವುದಿಲ್ಲ, ಅದು ನಮ್ಮ ಕೋಣೆಯ ಕಟ್ಟಳೆ. ಆದರೆ ನಿಮ್ಮಪ್ಪ ಕೇಳಬೇಕಲ್ಲ. "ಕಂಡಕಂಡವರ ಮುಂದೆ ಅಂಗಿ ಬಿಚ್ಚಲ್ಲ ಕಣೇ, ನೀನೇ ಮಾಡು" ಎಂದು ಹಟ ಹಿಡಿದ. ನನ್ನ ಜೊತೆ ಕೆಲಸ ಮಾಡುವವಳು, ದಪ್ಪ ಕನ್ನಡಕದವಳು, ದುರ್ಬೀನು ಎಂದು ನಾವೆಲ್ಲ ಕರೆಯುತ್ತೇವಲ್ಲ, ಅವಳೂ ಆ ವಾರ ರಜೆಯಲ್ಲಿದ್ದಳು.

ಅವತ್ತು ಅವನನ್ನು ನೀನು ನೋಡಬೇಕಿತ್ತು. ಮನೆಯಲ್ಲಿ ಹುಲಿ. ನನ್ನ ಕತ್ತಲೆ ಕೋಣೆಯ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿ ಎದೆಗೆ ವೈರು ಅಂಟಿಸಿದೆನೋ ಇಲ್ಲವೋ, ಬೆವೆತು ಒದ್ದೆಯಾದ. ಬಿಪಿ ನೂರ ಅರವತ್ತೆಂಟು. ಗೋಡೆಯ ಕಡೆ ನೋಡಿಕೊಂಡು "ಅಮ್ಮನಿಗೂ ಹೀಗೇ ಎದೆ ಹೊಡ್ಕೊಂಡಿತ್ತೇನೋ" ಎಂದ. ನಾನು ಅವನ ವಿದ್ಯೆಯನ್ನೇ ಅವನ ಮೇಲೆ ಪ್ರಯೋಗಿಸಿದೆ. ಗಿರಾಕಿಗಳು ಬಂದಾಗ ನಿಮ್ಮಪ್ಪ ಏನು ಮಾಡುತ್ತಾನೆ? ಟೇಪು ಕಂಡ ಕೂಡಲೇ ಗಂಡಸರೆಲ್ಲ ಹೊಟ್ಟೆ ಒಳಗೆಳೆದು ಎದೆ ಉಬ್ಬಿಸಿ ನಿಲ್ಲುತ್ತಾರೆ. ಹಾಗೆ ನಿಂತವರ ಅಳತೆ ತೆಗೆದರೆ ಅಂಗಿ ಹಾಳು. ಅದಕ್ಕೇ ಟೇಪನ್ನು ಕೊರಳಿಗೆ ಹಾಕಿಕೊಂಡು ಐದು ನಿಮಿಷ ಅದೂ ಇದೂ ಮಾತಾಡಿಸುತ್ತಾನೆ. ಅವರು ನಕ್ಕು ಹೊಟ್ಟೆ ಸಡಿಲ ಬಿಟ್ಟಾಗ ಸರಕ್ಕನೆ ಅಳತೆ. ನಾನೂ ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ನೀನು ಐದನೇ ಕ್ಲಾಸಿನಲ್ಲಿ ಅವನ ಕತ್ತರಿಯಿಂದ ನಿನ್ನ ಜಡೆಯನ್ನೇ ಕತ್ತರಿಸಿಕೊಂಡು, ಮತ್ತೆ ಹೊಲಿದು ಕೊಡು ಅಂತ ಅತ್ತದ್ದನ್ನು ನೆನಪಿಸಿದೆ. ನಕ್ಕ. ಬೆಳಗಿನ ಬಿಪಿ ಮಾತ್ರೆಯೂ ಅಷ್ಟರಲ್ಲಿ ಕೆಲಸ ಶುರು ಮಾಡಿತ್ತು. ಮುಕ್ಕಾಲು ಗಂಟೆಯಲ್ಲಿ ಮಗುವಿನ ಹಾಗೆ ತೂಕಡಿಸತೊಡಗಿದ. ಆಗ ಚಿತ್ರ ತೆಗೆದೆ.

ಈಗ ಒಳ್ಳೆಯ ಸುದ್ದಿ. ಆಪರೇಷನ್ ಆಗಿ ಹತ್ತನೆಯ ದಿನ ದುರ್ಬೀನು ನೋಡಿದಳು. ಬುಡ ಮೂವತ್ತು ಮಿಲಿಮೀಟರ್. ಮೈಟ್ರಲ್ ಸೋರಿಕೆ ಒಂದು ಎಳೆಯಷ್ಟು, ಹುಡುಕಿದರೆ ಸಿಗುವಂಥದ್ದು. ನಾನು ಹೊರಗೆ ಬಂದು ಜೆಲ್ ಡಬ್ಬಗಳ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಸರ್ಜನ್ ನನ್ನನ್ನು ಕರೆದು, "ಇದು ವಂಶದಲ್ಲಿ ಹರಿಯೋ ಕಾಯಿಲೆ. ಮಕ್ಕಳಿದ್ದಾರಾ?" ಎಂದು ಕೇಳಿದರು. ಒಬ್ಬಳೇ ಮಗಳು, ಅಪ್ಪನ ಹಾಗೇ ಉದ್ದ, ಹಡಗಿಗೆ ಸೇರುವಾಗ ಎಕೋ ಆಗಿದೆ ಎಂದೆ. ಜೆಲ್ ತಣ್ಣಗಿದೆ ಅಂತ ನೀನು ಅವತ್ತು ಕಿರುಚಿದ್ದು ನೆನಪಾಯಿತು. "ಸರಿ ಹಾಗಾದ್ರೆ" ಎಂದು ಹೊರಟುಹೋದರು.

ಹೊತ್ತುಹೊತ್ತಿಗೆ ತಿನ್ನು. ಇಂಜಿನ್ ಕೋಣೆಯ ಬಿಸಿಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ನಿನ್ನ ಕೆಲಸಕ್ಕೆ, ನಿನ್ನ ಎತ್ತರಕ್ಕೆ, ನಿನ್ನ ಬಾಯಿಗೆ, ಎಲ್ಲಕ್ಕೂ ನನ್ನ ಆಶೀರ್ವಾದ.

ನಿನ್ನ ಗಿಡ್ಡತ್ತೆ


ಜೂನ್ ೨೨

ನನ್ನ ಒಂಟೆಮರಿಗೆ,

ಈ ಸಲ ತಡವಾದದ್ದಕ್ಕೆ ನೆಪ ಹುಡುಕುವುದಿಲ್ಲ. ಬರೆಯಲು ಕೂತಾಗಲೆಲ್ಲ ಒಂದು ಒಳ್ಳೆಯ ಸುದ್ದಿ ಬರಲಿ, ಆಮೇಲೆ ಬರೆಯೋಣ ಎನ್ನಿಸುತ್ತಿತ್ತು. ಒಳ್ಳೆಯ ಸುದ್ದಿ ನನಗಿಂತ ಸೋಮಾರಿ, ಬರಲೇ ಇಲ್ಲ. ಹಾಗಂತ ಗಾಬರಿಯಾಗಬೇಡ, ನಿಮ್ಮಪ್ಪ ಓಡಾಡಿಕೊಂಡಿದ್ದಾನೆ. ನೀನು ಪರೀಕ್ಷೆ ಪಾಸು ಮಾಡಿ ಎರಡನೇ ಇಂಜಿನಿಯರ್ ಆಗುವ ಸಾಲಿನಲ್ಲಿದ್ದೀಯ ಎಂದು ಪ್ಯಾಂಟು ಮೋಟು ಮಾಡಿಸಲು ಬಂದವರಿಗೂ ಹೇಳುತ್ತಾನೆ. ಗಿರಾಕಿಗಳು ಹೊಟ್ಟೆ ಸಡಿಲ ಬಿಡುವುದಕ್ಕೆ ಈಗ ಅದೇ ಕತೆ.

ಏಪ್ರಿಲ್‌ವರೆಗೆ ಎಲ್ಲ ನೆಟ್ಟಗಿತ್ತು. ಮಾತ್ರೆಗಳನ್ನು ನಿಮ್ಮಮ್ಮ ಗುಂಡಿಯ ಡಬ್ಬಿಯಲ್ಲಿ ಹೊತ್ತಿಗೊಂದು ಗೂಡು ಮಾಡಿ ಇಟ್ಟು ನುಂಗಿಸುತ್ತಿದ್ದಳು. ಅವನು ಅಂಗಡಿಯ ಬಾಗಿಲು ತೆರೆದ. ಮೊದಲು ಕೈಹೊಲಿಗೆ, ಆಮೇಲೆ ಮೆಷಿನ್. ಮೇ ತಿಂಗಳಲ್ಲಿ ನಾನು ಒಂದು ಗಮನಿಸಿದೆ. ಆಸ್ಪತ್ರೆಗೆ ಬರುವಾಗ ಮೆಟ್ಟಿಲ ನಡುವೆ ನಿಂತು ತನ್ನ ಅಂಗಿಯ ಗುಂಡಿ ಸಡಿಲವಾಗಿದೆಯಾ ಎಂದು ನೋಡಿಕೊಳ್ಳುತ್ತಾನೆ. ಪ್ರತಿ ಸಲ ಅದೇ ಮೆಟ್ಟಿಲು, ಅದೇ ಗುಂಡಿ. ಸಡಿಲವಾಗಿ ಗುಂಡಿ ಹಚ್ಚುವವನಲ್ಲ ಅವನು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಎತ್ತದೆ ಎಳೆಯುತ್ತಿದ್ದಾನೆ. ಮಲಗುವಾಗ ಎರಡು ದಿಂಬು ಬೇಕಂತೆ. "ಟಿವಿ ಸರಿಯಾಗಿ ಕಾಣ್ಲಿ ಅಂತ" ಎನ್ನುತ್ತಾನೆ. ಆ ಕೋಣೆಯಲ್ಲಿ ಟಿವಿ ಇಲ್ಲ.

ಕಳೆದ ವಾರ ಎಕೋ ಆಯಿತು. ಬುಡ ಚೆನ್ನಾಗಿದೆ, ಹೊಲಿಗೆ ಗಟ್ಟಿ. ಮೈಟ್ರಲ್ ಸೋರಿಕೆ ಮಾತ್ರ ಎಳೆಯಿಂದ ಮಧ್ಯಮಕ್ಕೆ ಬಂದಿದೆ. ನಾನು ದುರ್ಬೀನಿನ ಜೊತೆ ಜಗಳಕ್ಕೇ ನಿಂತೆ. ಪರದೆಯಲ್ಲಿ ಸೋರಿಕೆ ತೋರಿಸುವ ಕಲರ್ ಜಾಸ್ತಿ ಇಟ್ಟಿದ್ದೀಯ, ಅದಕ್ಕೇ ದೊಡ್ಡದಾಗಿ ಕಾಣುತ್ತೆ ಎಂದೆ. ಇಪ್ಪತ್ತು ವರ್ಷದ ಗೆಳತಿ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಹೇಳಿದಳು: "ಎಲ್ಲ ನಾವು ಯಾವಾಗ್ಲೂ ಇಡೋ ಹಾಗೇ ಇಟ್ಟಿದ್ದೀನಿ. ಬಿಪಿ ನೂರ ಮೂವತ್ತೆಂಟಿತ್ತು, ಬರ್ದಿದ್ದೀನಿ ನೋಡು. ನಿನ್ನ ಡಿಸೆಂಬರ್ ವರದೀಲಿ ಬಿಪಿ ಜಾಗ ಖಾಲಿ ಇದೆ, ಹೋಲಿಸೋದು ಹೇಗೆ?" ಆ ದಿನ ನಾವು ಒಟ್ಟಿಗೆ ಊಟಕ್ಕೆ ಕೂರಲಿಲ್ಲ.

ನಮ್ಮ ವಿಭಾಗದ ಡಾಕ್ಟರಮ್ಮ ಮಾತ್ರೆ ಬದಲಾಯಿಸಿದ್ದಾರೆ. ಕೆಲವರಲ್ಲಿ ಸೋರಿಕೆ ಹೀಗೆ ಏರಿ ಇಳಿಯುತ್ತದೆ, ಕಾದು ನೋಡೋಣ ಎಂದರು. ಬರಬೇಕಾ ಎಂದು ನೀನು ಕೇಳಿದ್ದೆ. ನಿಮ್ಮಪ್ಪನ ಮಾತು: "ಅವಳು ಹಡಗು ಬಿಟ್ಟು ಬಂದ್ರೆ ನಾನು ಈ ಮನೆ ಬಿಟ್ಟು ಹೋಗ್ತೀನಿ ಅಂತ ಬರಿ." ನಿಮ್ಮಮ್ಮನ ಮಾತು: "ಬರೋದಾದ್ರೆ ಮುಂಚೆ ಹೇಳ್ಲಿ, ಹಾಸಿಗೆ ಬಿಸಿಲಿಗೆ ಹಾಕ್ಬೇಕು." ನನ್ನ ಮಾತು ಏನೆಂದು ನನಗೇ ತಿಳಿಯುತ್ತಿಲ್ಲ. ನನಗೆ ಭಯವಾಗಿದೆ, ಮರಿ. ಇದನ್ನು ಈ ಮನೆಯಲ್ಲಿ ಯಾರಿಗೂ ಹೇಳುವಂತಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನೀನು ನೀನಾಗಿ ಸುಖವಾಗಿರು. ನಿನ್ನ ಕಾಲು ಜಾರದಿರಲಿ, ನಿನ್ನ ಪಂಪುಗಳು ಕೆಡದಿರಲಿ.

ನಿನ್ನ ಗಿಡ್ಡತ್ತೆ


ನವೆಂಬರ್ ೧೬

ನನ್ನ ಒಂಟೆಮರಿಗೆ,

ಐದು ತಿಂಗಳು ನಿನಗೆ ನಾಲ್ಕು ಸಾಲಿನ ಚೀಟಿಗಳನ್ನಷ್ಟೇ ಕಳಿಸಿದ್ದೇನೆ. ಕ್ಷಮಿಸು ಎಂದು ಮೊದಲ ಸಾಲಿನಲ್ಲೇ ಬರೆದರೆ ಅದು ತಡಕ್ಕೆ ಕೇಳಿದ ಕ್ಷಮೆ ಎಂದುಕೊಳ್ಳುತ್ತೀಯ. ಕೆಳಗೆ ಓದು, ಎಷ್ಟಕ್ಕೆ ಕೇಳಬೇಕೋ ನಿನಗೇ ಗೊತ್ತಾಗುತ್ತದೆ.

ನಿಮ್ಮಪ್ಪನಿಗೆ ಇನ್ನೊಂದು ಆಪರೇಷನ್ ಆಗಬೇಕು. ಡಿಸೆಂಬರ್ ಎರಡಕ್ಕೆ ದಿನ ಗೊತ್ತಾಗಿದೆ. ಸೋರಿಕೆ ಈಗ ತೀವ್ರ. ಹೃದಯ ಹಿಗ್ಗಲು ಶುರುವಾಗಿದೆ, ಪಾದ ಊದಿಕೊಂಡಿದೆ, ಮೂರು ದಿಂಬು ಇಟ್ಟು ಒರಗಿಯೇ ಮಲಗುತ್ತಾನೆ. ಪೆಡಲ್ ತುಳಿಯಲಾಗದೆ ಮೆಷಿನ್ ಮೇಲೆ ಬಟ್ಟೆ ಹೊದಿಸಿದ್ದಾನೆ. ಗುಂಡಿಮನೆ ಮಾಡುವುದು, ಅಂಚು ಹೊಲಿಯುವುದು, ಕೂತಲ್ಲೇ ಆಗುವ ಕೆಲಸ ಅಷ್ಟೇ. ಒಂದು ಸಲ ತೆರೆದ ಎದೆಯನ್ನು ವರ್ಷದೊಳಗೆ ಮತ್ತೆ ತೆರೆಯುವುದು ಮೊದಲ ಸಲದ ಹಾಗಲ್ಲ. ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಸರ್ಜನ್ ನಿಮ್ಮಮ್ಮನನ್ನು ಕೂರಿಸಿಕೊಂಡು ಅದನ್ನೆಲ್ಲ ನೇರವಾಗಿ ಹೇಳಿದರು. ಅವಳು ನನ್ನ ಸಹಪಾಠಿ, ಹದಿನಾಲ್ಕು ವರ್ಷದವಳಿದ್ದಾಗಿನಿಂದ ನೋಡಿದ್ದೇನೆ. ಕೈಚೀಲದ ಜಿಪ್ಪನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದಳು.

ಅವಳು ಹೊರಗೆ ಹೋದ ಮೇಲೆ ಸರ್ಜನ್ ನನ್ನನ್ನು ನಿಲ್ಲಿಸಿಕೊಂಡರು. ಮೇಜಿನ ಮೇಲೆ ನಾಲ್ಕು ಎಕೋ ವರದಿಗಳಿದ್ದವು. ಎಲ್ಲಕ್ಕಿಂತ ಹಳೆಯದರ ಮೇಲೆ ಬೆರಳಿಟ್ಟು, "ಇದರಲ್ಲಿ ಬಿಪಿ ಎಷ್ಟಿತ್ತಮ್ಮಾ?" ಎಂದರು.

ಮರೆತೆ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. "ನೂರ ನಾಲ್ಕು" ಎಂದೆ.

"ನೂರ ನಾಲ್ಕಾ? ಅದಕ್ಕೂ ಮುಂಚೆ ತೆಗೆದ ಚಿತ್ರ ಇರ್ಬೇಕಲ್ಲ?"

"ಇತ್ತು ಸಾರ್. ನೂರ ಅರವತ್ತೆಂಟರಲ್ಲಿ ತೆಗೆದಿದ್ದೆ. ಅಳಿಸಿದೆ."

"ಅದರಲ್ಲಿ ಲೀಕು ಎಷ್ಟಿತ್ತು?"

"ಮಧ್ಯಮ. ಅದಕ್ಕಿಂತ ಸ್ವಲ್ಪ ಜಾಸ್ತೀನೇ."

ಅವರು ಕೂಗಾಡಲಿಲ್ಲ. ವರದಿಗಳನ್ನು ಜೋಡಿಸಿ ಕಡತದೊಳಗಿಟ್ಟರು. "ಅದು ನನ್ನ ಕಣ್ಣಿಗೆ ಬಿದ್ದಿದ್ರೆ ಅವತ್ತೇ ರಿಪೇರಿ ಮಾಡ್ಬಿಡ್ತಿದ್ದೆ. ಅರ್ಧ ಗಂಟೆ ಕೆಲಸ" ಎಂದರು. ಬೈದಿದ್ದರೆ ಚೆನ್ನಾಗಿತ್ತು, ಮರಿ. ಬೈದಿದ್ದರೆ ಒಂದಿಷ್ಟು ಭಾರ ಅವರ ಬಾಯಿಂದ ಇಳಿಯುತ್ತಿತ್ತು.

ನಿನಗೆ ಪೂರ್ತಿ ಹೇಳುತ್ತೇನೆ. ಫೆಬ್ರವರಿಯ ಕಾಗದದಲ್ಲಿ ನಿಮ್ಮಪ್ಪನನ್ನು ನಗಿಸಿದ್ದನ್ನು ದೊಡ್ಡ ಸಾಹಸದ ಹಾಗೆ ಬರೆದಿದ್ದೆ. ಅವನು ಬೆವೆತು ಮಲಗಿದ್ದಾಗಲೇ ನಾನು ಮೊದಲ ಚಿತ್ರ ತೆಗೆದಿದ್ದೆ. ಪರದೆಯ ಮೇಲೆ ಸೋರಿಕೆ ಮೇಲಿನ ಕೋಣೆಯ ಅರ್ಧಕ್ಕೆ ಬಣ್ಣ ಚೆಲ್ಲಿತ್ತು. ಇದು ಕವಾಟದ್ದಲ್ಲ, ಹೆದರಿಕೆಯದ್ದು ಎಂದುಕೊಂಡೆ. ಬಿಗಿಹಿಡಿದವನ ಅಳತೆ ಅಳತೆಯಲ್ಲ ಎನ್ನುವುದನ್ನು ಲಂಗ ಹಾಕುವ ವಯಸ್ಸಿನಿಂದ ಅಣ್ಣನ ಅಂಗಡಿಯಲ್ಲಿ ಕೂತು ಕಲಿತವಳು ನಾನು. ಆದರೆ ಕವಾಟ ಹೊಟ್ಟೆಯಲ್ಲ. ಅದರ ನಿಜ ಗೊತ್ತಾಗುವುದು ಹೊರೆ ಬಿದ್ದಾಗ. ಮೆಟ್ಟಿಲು ಹತ್ತುವವನಿಗೆ, ಪೆಡಲ್ ತುಳಿಯುವವನಿಗೆ, ಸಿಟ್ಟು ಬಂದವನಿಗೆ ನೂರ ನಾಲ್ಕು ಎಲ್ಲಿರುತ್ತದೆ? ಇಪ್ಪತ್ತಾರು ವರ್ಷದಿಂದ ಇದು ನನಗೆ ಗೊತ್ತು. ಬ್ಯಾಂಕಿನ ಗುಮಾಸ್ತನೋ ಬಸ್ಸಿನ ಡ್ರೈವರೋ ಆಗಿದ್ದರೆ ಎರಡೂ ಚಿತ್ರ ಇಟ್ಟು, ಎರಡೂ ಬಿಪಿ ಬರೆದು, ಡಾಕ್ಟರಮ್ಮನ ಮುಂದಿಟ್ಟು ನನ್ನ ಪಾಡಿಗೆ ನಾನು ಊಟಕ್ಕೆ ಹೋಗುತ್ತಿದ್ದೆ.

ಹಿಂದಿನ ದಿನ ಅಣ್ಣ ಹೇಳಿದ್ದ: "ಒಂದು ಕೆಲಸ ಆದ್ರೆ ತಡ್ಕೋತೀನಿ. ಎರಡು ಅಂದ್ರೆ ನಾನು ಆ ಮೇಜಿಂದ ಏಳಲ್ಲ, ನೋಡ್ತಿರು." ಅದೇ ನನ್ನ ತಲೆಯಲ್ಲಿ ಕೂತಿತ್ತು. ನೂರ ನಾಲ್ಕು ಎಂದು ಬರೆದರೆ ಡಾಕ್ಟರಮ್ಮ ಮತ್ತೆ ಮಾಡು ಎನ್ನುತ್ತಾರೆ ಎಂದು ಗೊತ್ತಿತ್ತು. ಖಾಲಿ ಬಿಟ್ಟೆ. ಕೈತಪ್ಪು ಎಂದು ನನಗೆ ನಾನೇ ಹನ್ನೊಂದು ತಿಂಗಳು ಹೇಳಿಕೊಂಡೆ. ಕೈ ತಪ್ಪಿರಲಿಲ್ಲ. ಅವನನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಮನೆಗೆ ಬಂದು ಅವನಿಗೂ ಹೇಳಿದೆ. ಹಗಲು ಹನ್ನೊಂದು ಗಂಟೆ, ಮನೆಮುಂದಿನ ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಕಿಟಕಿಯ ಹತ್ತಿರ ಕೂತು ಯಾರದೋ ಕೋಟಿಗೆ ಗುಂಡಿಮನೆ ಮಾಡುತ್ತಿದ್ದ. ನಾನು ನಿಂತುಕೊಂಡೇ ಒಂದೂ ಬಿಡದೆ ಹೇಳಿದೆ. ಸೂಜಿ ನಿಂತಿತು.

"ಆ ಮೊದಲನೇದು ಎಲ್ಲೂ ಉಳ್ದಿಲ್ವಾ?" ಎಂದ.

"ಇಲ್ಲ" ಎಂದೆ.

"ಹೆದರಿದವರ ಅಳತೆ ತಗೋಬಾರ್ದು ಅಂತ ನೀನೇ ಹೇಳ್ತಿದ್ದೆ" ಎಂದೂ ಸೇರಿಸಿದೆ. ಆ ಹೊತ್ತಿನಲ್ಲೂ ತಪ್ಪನ್ನು ಅವನ ಕಡೆ ಸ್ವಲ್ಪ ಸರಿಸಲು ನೋಡಿದೆನಲ್ಲ, ಎಂಥ ಹೆಂಗಸು ನಾನು.

"ನಾನು ಹೊಲಿಯೋದು ಅಂಗಿ ಕಣೇ" ಎಂದ. "ಅಂಗಿ ಬಿಗಿಯಾದ್ರೆ ಬಿಚ್ಚಿ ಮತ್ತೆ ಹೊಲೀಬಹುದು." ಹೇಳಿದ ಮೇಲೆ ಏನೋ ಹೊಳೆದವನ ಹಾಗೆ ಎದೆಯ ಹಳೇ ಗಾಯದ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಕೂತ. ನಾನು ಒಳಗೆ ಹೋದೆ.

ಮೂರು ದಿನ ನನ್ನ ಜೊತೆ ಮಾತಿಲ್ಲ. ನಿಮ್ಮಮ್ಮನಿಗೂ ಅವನೇ ಹೇಳಿರಬೇಕು. ಅವಳು ಬೈಯಲಿಲ್ಲ. ಬೈಯದ ನಿಮ್ಮಮ್ಮನನ್ನು ನೀನು ನೋಡಿಲ್ಲ, ನೋಡುವುದೂ ಬೇಡ. ತಟ್ಟೆ ಇಟ್ಟು, ಬಡಿಸಿ, ತಾನು ಒಳಗೆ ಹೋಗಿ ಕೂರುತ್ತಾಳೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದೇನೆ, ವಿಚಾರಣೆಯೂ ಆಗುತ್ತದೆ. ಸದ್ಯಕ್ಕೆ ನಾನೇ ಕೇಳಿಕೊಂಡು ಎಕೋ ಕೋಣೆ ಬಿಟ್ಟು ಚೀಟಿ ಬರೆಯುವ ಕೌಂಟರಿಗೆ ಬಂದಿದ್ದೇನೆ. ಹೆಸರು, ವಯಸ್ಸು, ಯಾವ ವಿಭಾಗ. ದುರ್ಬೀನು ದಿನಾ ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತು ತನ್ನ ಡಬ್ಬಿ ಬಿಚ್ಚುತ್ತಾಳೆ. ಅರ್ಧ ಕೊಡುತ್ತಾಳೆ.

ನಾಲ್ಕನೆಯ ದಿನ ಅಣ್ಣ ಕರೆದ. ಬೈಗುಳ ಬರಲಿ ಎಂದು ಆಸೆಯಿಂದಲೇ ಹೋದೆ. ಅವನು ದಾರಕ್ಕೆ ಮೇಣ ಹಚ್ಚುತ್ತಾ, ನನ್ನ ಮುಖ ನೋಡದೆ, ಒಂದೇ ಒಂದು ಕೇಳಿದ: "ಹಡಗಿಗೆ ಸೇರುವಾಗ ಮಗೂದು ಪರೀಕ್ಷೆ ಮಾಡಿದ್ದೂ ನೀನೇ ಅಲ್ವಾ?"

"ಹೌದು" ಎಂದೆ. "ಸರಿಯಾಗಿತ್ತು ಅಣ್ಣ, ಎಲ್ಲ ಸರಿಯಾಗಿತ್ತು."

ದಾರವನ್ನು ಸೂಜಿಗೆ ಪೋಣಿಸಿದ. ಆಮೇಲೆ "ಹಾಗಾದ್ರೆ ಆಯ್ತು ಬಿಡು. ನಂದು ಏನಾದ್ರೂ ಆಗ್ಲಿ" ಎಂದ. ಅವತ್ತಿನಿಂದ ನನ್ನ ಜೊತೆ ಮಾತು ಶುರು ಮಾಡಿದ್ದಾನೆ. ನಿನ್ನೆ ನನ್ನ ಹಳೆಯ ಬಿಳಿ ಕೋಟಿನ ಹರಿದ ಜೇಬನ್ನು ಕೇಳದೆಯೇ ಹೊಲಿದು ಮೊಳೆಗೆ ನೇತುಹಾಕಿದ್ದ. ಅದನ್ನು ನಾನು ಇನ್ನು ಹಾಕುವ ಹಾಗಿಲ್ಲ ಎಂದು ಅವನಿಗೂ ಗೊತ್ತು.

ಡಿಸೆಂಬರ್ ಎರಡಕ್ಕೆ ನೀನು ಇಲ್ಲಿರಬೇಕೆಂದು ನಿಮ್ಮಪ್ಪ ಹೇಳುವುದಿಲ್ಲ. ನಾನು ಹೇಳುತ್ತೇನೆ, ಬಾ. ನೀನು ಎಲ್ಲಿದ್ದರೂ, ನನ್ನ ಮುಖ ನೋಡಲು ಮನಸ್ಸಿದ್ದರೂ ಇಲ್ಲದಿದ್ದರೂ, ನಿನ್ನ ಆಯಸ್ಸು ಗಟ್ಟಿಯಾಗಿರಲಿ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ, ಬೇರೆ ಏನೂ ಕೊಡಲು ನನ್ನ ಹತ್ತಿರ ಇಲ್ಲ.

ನಿನ್ನ ಅತ್ತೆ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬಾರದ ಮಾತು: ಅಣ್ಣನಿಗೆ ನಾನು ಕೊಟ್ಟ ಉತ್ತರ ಸುಳ್ಳು. ಎರಡೂವರೆ ವರ್ಷದ ಹಿಂದೆ ನೀನು ಆ ಮಂಚದ ಮೇಲೆ ಮಲಗಿದ್ದಾಗ ನಿನ್ನ ರಕ್ತನಾಳದ ಬುಡವನ್ನು ಮೂರು ಸಲ ಅಳೆದೆ. ಮೂವತ್ತೇಳು, ಮೂವತ್ತೆಂಟು, ನಲವತ್ತೊಂದು. ಹೆಚ್ಚುಕಡಿಮೆ ಬಂದರೆ ದೊಡ್ಡದನ್ನು ಬರೆಯಿರಿ ಎಂದು ಹೊಸಬರಿಗೆ ಕಲಿಸುವವಳೇ ನಾನು. ನಲವತ್ತೊಂದು ಬರೆದಿದ್ದರೆ ನಿನ್ನ ಆರೋಗ್ಯದ ಸರ್ಟಿಫಿಕೇಟು ಅಲ್ಲೇ ನಿಲ್ಲುತ್ತಿತ್ತು, ಇನ್ನಷ್ಟು ಪರೀಕ್ಷೆಗೆ ಕಳಿಸುತ್ತಿದ್ದರು, ಹಡಗು ಹೊರಟುಹೋಗುತ್ತಿತ್ತು. ನೀನು ಹಡಗಿನ ಬಗ್ಗೆಯೇ ಒಂದೇ ಸಮನೆ ಹರಟುತ್ತಿದ್ದೆ, ನಗುತ್ತಿದ್ದೆ. ಮೂವತ್ತೇಳು ಎಂದು ಬರೆದೆ. ಈಗ ಎಷ್ಟಿದೆಯೋ ನನಗೆ ಗೊತ್ತಿಲ್ಲ. ಈ ವಾರ ಎರಡು ಸಲ ಫೋನು ಮಾಡಿ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ನಿನ್ನ ಕಂಪನಿಯ ಡಾಕ್ಟರಿಗೆ ಮೂರೂ ಅಂಕಿಗಳನ್ನು ಬರೆದು ಕಳಿಸಿದ್ದೇನೆ. ನಿನ್ನ ಎರಡನೇ ಇಂಜಿನಿಯರ್ ಕೆಲಸ ಅದರಿಂದ ಹೋಗಬಹುದು. ಈ ಕಾಗದ ಮುಗಿಸಿ ಅಣ್ಣನ ಹತ್ತಿರ ಹೋಗುತ್ತೇನೆ, ಅವನು ಕಿಟಕಿಯ ಹತ್ತಿರ ಕೂತಿದ್ದಾನೆ. ನೀನು ಭಾರ ಎತ್ತಬೇಡ. ಇದು ಸಿಕ್ಕ ಬಂದರಿನಲ್ಲೇ ಇಳಿದು ಎಕೋ ಮಾಡಿಸು. ಅಳೆಯುವವರು ನಿನ್ನನ್ನು ನಗಿಸದಿರಲಿ, ಸಂಬಂಧದಲ್ಲಿ ನಿನಗೆ ಏನೂ ಆಗದವರಾಗಿರಲಿ.